ಇಳಿಯದ ಹಕ್ಕಿಗೆ ಎಡೆಯಿಲ್ಲ

ಬೂದಿಗುಡ್ಡ
ಕ್ರಿ.ಶ. 2191, ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ

ನನ್ನ ಗಂಡನ ಮುತ್ತಜ್ಜನ ಅಜ್ಜ ಅಡಿವೆಪ್ಪನಿಗೆ,

ಇಸವಿ ನೋಡಿ ಗಾಬರಿಯಾಗಬೇಡ. ನೀನು ಇನ್ನೂ ಬದುಕಿರುವ, ಮೀಸೆ ಕರ್ರಗಿರುವ ಕಾಲಕ್ಕೆ ಈ ಕಾಗದ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ, ಕೊಡುವುದೂ ಇಲ್ಲ. ನನ್ನ ಹೆಸರು ಬಾಳವ್ವ. ಹೈಸ್ಕೂಲು ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದವಳು, ಈಗ ಇದರ ಹಿರಿಯಳು. ಇಲ್ಲಿ ಒಲೆ ಹತ್ತುವುದೂ ದೀಪ ಆರುವುದೂ ನನ್ನ ಮಾತಿನಂತೆ.

ನಾವು ನೆಲದ ಮೇಲೆ ಮಲಗುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ತೂಗುಮಂಚ ಇದೆ. ಜಂತಿಯಿಂದ ಸರಪಳಿಯಲ್ಲಿ ಇಳಿಬಿಟ್ಟ ಮಂಚ ಅದು. ಪ್ರತಿ ಸರಪಳಿಗೂ ಬೋರಲು ಹಾಕಿದ ತಗಡಿನ ಟೊಪ್ಪಿಗೆ ಇರುತ್ತದೆ, ಇಲಿ ಇಳಿಯಲು ನೋಡಿದರೆ ಜಾರಿ ಬೀಳಲಿ ಎಂದು. ಜೋಳವನ್ನು ಗಾಜಿನ ಹಂಡೆಯಲ್ಲಿ ತುಂಬಿ ಬಾಯಿಗೆ ಅರಗು ಹಾಕುತ್ತೇವೆ. ತೆನೆ ಕಟ್ಟಿದ ಮೇಲೆ ಊರಿಗೆ ಇಲಿಪಾಳಿ ಬರುತ್ತದೆ. ಮನೆಗೊಬ್ಬರಂತೆ ಹೊಲದ ಸುತ್ತ ತಗಡು ಬಡಿಯುತ್ತ ತಿರುಗುವುದು. ಅಷ್ಟಾದರೂ ಅರ್ಧ ಬೆಳೆ ಇಲಿಗೆ, ಉಳಿದದ್ದರಲ್ಲಿ ಪಾಲು ಮಿಡತೆಗೆ. ನಮ್ಮ ಮಕ್ಕಳು ಅಕ್ಷರ ಕಲಿಯುವ ಮುಂಚೆ ಕೌದಿ ಕೊಡವಿ ನೋಡುವುದನ್ನು ಕಲಿಯುತ್ತಾರೆ. ನನ್ನ ಮೊದಲ ಮಗಳು ಹೊಳೆವ್ವ ಅದನ್ನು ಕಲಿಯುವಷ್ಟು ದೊಡ್ಡವಳಾಗಲಿಲ್ಲ. ಇಲಿಜ್ವರ ಬಂದು ನನ್ನ ತೊಡೆಯ ಮೇಲೆ ಹೋದಳು. ಅವಳು ನಿನ್ನದೇ ರಕ್ತ.

ನಿನ್ನ ಕಾಲದಲ್ಲಿ ಮಳೆಗಾಲ ಮುಗಿಯುತ್ತಲೇ ಉತ್ತರದ ಚಳಿನಾಡಿನಿಂದ ಗಿಡುಗ, ಡೇಗೆ ಹಿಂಡುಹಿಂಡಾಗಿ ಬರುತ್ತಿದ್ದವು. ಬೂದಿಗುಡ್ಡದ ಬಂಡೆ ಕಾದು ಬಿಸಿಗಾಳಿ ಏಳುವಲ್ಲಿ ಸುತ್ತುತ್ತ ಮೇಲೇರಿ, ರೆಕ್ಕೆ ಬಡಿಯದೆ ಆಚೆಯ ಎರೆಹೊಲಕ್ಕೆ ಜಾರಿಹೋಗುತ್ತಿದ್ದವು. ಚಳಿಗಾಲವೆಲ್ಲ ಇಲಿ, ಮಿಡತೆ ತಿಂದು ಅಲ್ಲೇ ಇರುತ್ತಿದ್ದವು. ಗುಡ್ಡದ ಮೇಲೆ ಕರೆಂಟಿನ ಗಾಳಿಯಂತ್ರ ನೆಡಬೇಕೆಂದವರು ಮೊದಲು ಒಂದು ಶರತ್ಕಾಲ ಹಕ್ಕಿ ಎಣಿಸಬೇಕಿತ್ತು. ಕಣ್ಣು ಚುರುಕೆಂದು ನಿನ್ನನ್ನು ಕೂರಿಸಿದರು.

ನೀನು ನಿದ್ದೆ ಮಾಡಲಿಲ್ಲ, ಕುಡಿಯಲಿಲ್ಲ, ಒಂದು ದಿನವೂ ತಪ್ಪಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು. ತಲೆಯ ಮೇಲೆ ಆಕಾಶ ತುಂಬಿ ಹಕ್ಕಿ ಹೋಗುತ್ತಿದ್ದಾಗ ನೀನು ಎಣಿಸಿದ್ದು ಬಂಡೆಗೆ ಬಂದು ಕೂತವನ್ನು ಮಾತ್ರ. ಯಾರೋ ಮೇಲೆ ಕೈ ತೋರಿಸಿ, ಅವನ್ನೇಕೆ ಎಣಿಸುವುದಿಲ್ಲ ಎಂದು ಕೇಳಿದರಂತೆ. ನೀನು ಅಂದೆಯಂತೆ: "ಇಳಿಯದ ಹಕ್ಕಿ ನಮ್ಮ ಗುಡ್ಡದ್ದಲ್ಲ. ಬಾಗಲ ಮುಂದ ಹಾದು ಹೋಗೋರನ್ನೆಲ್ಲ ಮನೀ ಮಂದಿ ಅಂತ ಬರಸ್ತೀರೇನ್ರಿ?" ಎಲ್ಲರೂ ನಕ್ಕರು. ಗುಡ್ಡದ ಹಕ್ಕಿ ಬಹಳ ಕಡಿಮೆ ಎಂದಾಯಿತು. ಯಂತ್ರಗಳು ಎದ್ದು ನಿಂತವು, ನಿನಗೆ ಕಾವಲುಗಾರನ ಟೊಪ್ಪಿಗೆ ಸಿಕ್ಕಿತು. ಮುಂದಿನ ಶರತ್ಕಾಲದಲ್ಲಿ ಯಂತ್ರದ ರೆಕ್ಕೆಗೆ ಕತ್ತರಿಸಿ ಬಿದ್ದ ಹಕ್ಕಿಗಳನ್ನು ಗೋಣಿಚೀಲಕ್ಕೆ ತುಂಬಿದ್ದೂ ನೀನೇ. ವರ್ಷ ವರ್ಷಕ್ಕೆ ಹಕ್ಕಿ ಕಡಿಮೆಯಾದವು, ಇಲಿ ಹೆಚ್ಚಿದವು. ಆದರೂ ಮುಪ್ಪಿನಲ್ಲಿ ಆ ಮಾತನ್ನು ಮೊಮ್ಮಕ್ಕಳಿಗೆ ಜಾಣತನವೆಂದು ಹೇಳಿ ನಕ್ಕೆ. ಹಾಗೇ ಅದು ಬಾಯಿಂದ ಬಾಯಿಗೆ ನನ್ನ ಅತ್ತೆಯವರೆಗೆ, ನನ್ನವರೆಗೆ ಬಂದಿದೆ.

ನಾಳೆ ಅಮಾವಾಸ್ಯೆ. ಹಿರಿಯರ ಹೆಸರು ಹಿಡಿದು ಒಬ್ಬೊಬ್ಬರಿಗೂ ಮುತ್ತುಗದೆಲೆ ಹಾಕಿ ಹೋಳಿಗೆ, ಕಡುಬು ಬಡಿಸುವ ದಿನ. ನನ್ನ ಅತ್ತೆ ನಿನಗೂ ಎಲೆ ಹಾಕುತ್ತಿದ್ದಳು. ಹೊಳೆವ್ವ ಹೋದ ವರ್ಷ ನಾನು ಆ ಎಲೆ ಎತ್ತಿದೆ, ಮತ್ತೆ ಹಾಕಿಲ್ಲ. ಸೊಸೆ ರಾಚವ್ವ ಇವತ್ತು ಬೇಳೆ ರುಬ್ಬುತ್ತ ಚುಚ್ಚಿದಳು: "ಅತ್ತಿ, ಸತ್ತು ನೂರು ವರ್ಷ ದಾಟಿದವನ ಮ್ಯಾಲೇ ಇಷ್ಟು ಸಿಟ್ಟು ಅಂದ್ರ, ನನ್ನ ಮ್ಯಾಲಿಂದು ಯಾವಾಗ ಇಳೀತದ?"

"ನಿನ್ನ ಮ್ಯಾಲಿಂದು ಸಿಟ್ಟಲ್ಲ, ರೂಢಿ," ಅಂದೆ.

ನಾಳೆ ನೀನು ಬರುತ್ತೀ, ಗೊತ್ತು. ಹೋಳಿಗೆಯ ವಾಸನೆಗೆ ನಮ್ಮ ಮಾಳಿಗೆಯ ಮೇಲೆ ಸುತ್ತುತ್ತೀ. ಎಲೆಯಿಲ್ಲದೆ ಎಲ್ಲಿ ಇಳಿಯುತ್ತೀ? ನಿನ್ನದೇ ಕಾಯಿದೆ, ಅಡಿವೆಪ್ಪ. ಹಾದುಹೋಗುವವನು ಈ ಮನೆಯವನಲ್ಲ. ಈ ಮಾತನ್ನು ರಾಚವ್ವನಿಗೂ, ಅವಳ ಮಗಳಿಗೂ ಕಲಿಸಿದ್ದೇನೆ. ನಾನು ಸತ್ತ ಮೇಲೂ ನಿನಗೆ ತುತ್ತಿಲ್ಲ.

ನಾವು ಈಗಲೂ ಎಣಿಸುತ್ತೇವೆ. ರೆಕ್ಕೆ ಕಳಚಿದ ಯಂತ್ರಗಳು ಬೋಳುಗಂಬಗಳಾಗಿ ನಿಂತಿವೆ, ಅವುಗಳ ನೆರಳಿನಲ್ಲಿ ಕೂತು ಸರದಿಯಂತೆ ಆಕಾಶ ನೋಡುತ್ತೇವೆ. ಎಷ್ಟೋ ಶರತ್ಕಾಲ ಬರಿದೇ ಹೋದವು. ಈ ಸಲ ರಾಚವ್ವ ಗುಡ್ಡದಿಂದಲೇ ಕೂಗಿದಳು. ಮಂಡಿನೋವು ಮರೆತು ಹತ್ತಿದೆ. ಒಂದೇ ಒಂದು ಗಿಡುಗ, ಬಹಳ ಎತ್ತರದಲ್ಲಿ. ಅದು ಇಳಿಯಲಿಲ್ಲ. ಚುಕ್ಕೆಯಾಗಿ ಕರಗುವವರೆಗೆ ನೋಡಿ, ಒಂದು ಎಂದು ಬರೆದೆವು.

ಈ ಕಾಗದ ಮುಟ್ಟುವಾಗ ನೀನು ಇನ್ನೂ ಗುಡ್ಡದ ಮೇಲೆ ಕೂತಿರುತ್ತೀ, ಎಣಿಕೆ ಮುಗಿದಿರುವುದಿಲ್ಲ. ಕತ್ತು ಮೇಲೆತ್ತು. ಹಾದುಹೋಗುವ ಪ್ರತಿಯೊಂದನ್ನೂ ಎಣಿಸು. ಹಾಗೆ ಮಾಡಿದರೆ ನನ್ನ ಹೊಳೆವ್ವ ಬದುಕಿರುತ್ತಾಳೆ, ನಾನು ಈ ಕಾಗದ ಬರೆದಿರುವುದೇ ಇಲ್ಲ.

ಆದರೆ ಕಾಗದ ಬರೆದು ಮುಗಿಯುತ್ತ ಬಂತು, ಶಾಯಿ ಇನ್ನೂ ಕಣ್ಣೆದುರೇ ಇದೆ. ನೀನು ಕತ್ತೆತ್ತಲಿಲ್ಲ. ಮುತ್ತುಗದೆಲೆ ತರಲು ಹೊರಟವರಿಗೆ ಹೇಳಿದ್ದೇನೆ, ನಿನ್ನದೊಂದು ಬಿಟ್ಟು ತನ್ನಿ ಎಂದು.

ಬಾಳವ್ವ