ಬಡ್ಡಿ ಬೇಡವೆಂದ ನಿಮಗೆ

ಪ್ರೀತಿಯ ಅಬ್ಬಾ,

ಕೂತಲ್ಲಿ ಕೂರಲಾಗುತ್ತಿಲ್ಲ. ನೀವು ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ ಬರೆಯುತ್ತಿದ್ದೇನೆ, ನಗಬೇಡಿ.

ಇವತ್ತು ನಮ್ಮ ವಿಭಾಗದಲ್ಲಿ ಪ್ರವೇಶ ಸಂದರ್ಶನವಿತ್ತು. ಇಸ್ಲಾಮಿಕ್ ಅರ್ಥಶಾಸ್ತ್ರವನ್ನೇ ಯಾಕೆ ಓದಬೇಕು ಎಂದು ಎಲ್ಲರನ್ನೂ ಕೇಳಿದೆ. ಒಬ್ಬ, ಕೆಲಸ ಬೇಗ ಸಿಗುತ್ತದೆ ಎಂದ. ಇನ್ನೊಬ್ಬ, ಬೇರೆಲ್ಲೂ ಸೀಟು ಸಿಗಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ಬಂದವಳು ಒಬ್ಬ ದರ್ಜಿಯ ಮಗಳು.

"ಬಡ್ಡಿ ಹರಾಮ್ ಅಂತ ಅಪ್ಪ ಅಂಗಡಿಗೆ ಸಾಲಾನೇ ತಗೊಳ್ಳಲ್ಲ. ನಾನು ದಿನಾ ಜಗಳ ಆಡ್ತೀನಿ. ಅವರು ಹೇಳೋದು ಸರೀನಾ ಅಂತ ನಾನೇ ತಿಳ್ಕೋಬೇಕು," ಎಂದಳು. ಹಾಗೇ, "ನೀವ್ಯಾಕೆ ಓದಿದ್ರಿ, ಮೇಡಂ?" ಎಂದು ಕೇಳಿದಳು.

"ಆಸಕ್ತಿ ಇತ್ತು," ಎಂದುಬಿಟ್ಟೆ.

ಸುಳ್ಳು, ಅಬ್ಬಾ. ಬಡ್ಡಿಯ ಕೆಲಸ ಇನ್ನು ಮಾಡಲಾರೆನೆಂದು ನೀವು ಬ್ಯಾಂಕು ಬಿಟ್ಟು ಬಂದ ಸಂಜೆ, ಕಾರಣ ಹೇಳಲು ಬಾಯಿ ತೆರೆದಿರಿ. "ನಮ್ಮ ಹೊಟ್ಟೆ ಮೇಲೆ ಹೊಡೆದ್ರಿ," ಎಂದು ನಾನು ಬಾಗಿಲು ಹಾಕಿಕೊಂಡೆ. ನಿಮ್ಮನ್ನು ವಾದದಲ್ಲಿ ಸೋಲಿಸಲೆಂದೇ ಈ ವಿಷಯ ಆರಿಸಿಕೊಂಡೆ. ಓದುತ್ತಾ ಹೋದಂತೆ ನೀವು ಅರ್ಥವಾಗತೊಡಗಿದಿರಿ. ಪರೀಕ್ಷೆ ಮುಗಿಸಿ ಬಂದು ಮಾತಾಡೋಣ ಎಂದುಕೊಂಡಿದ್ದೆ. ಎರಡು ಪೇಪರ್ ಬಾಕಿ ಇರುವಾಗಲೇ ಮನೆಯಿಂದ ಫೋನ್ ಬಂತು.

ಆ ಹುಡುಗಿಗೆ ಅಲ್ಲೇ ಸೀಟು ಕೊಟ್ಟೆವು. ಆಮೇಲೆ ಕಿಟಕಿಯಿಂದ ನೋಡಿದೆ. ಗೇಟಿನ ಹತ್ತಿರ ಕಾಯುತ್ತಿದ್ದ ಅಪ್ಪನ ಜೊತೆ ಅವಳು ಕೈ ಬೀಸಿ ಬೀಸಿ ವಾದಿಸುತ್ತಾ ನಡೆಯುತ್ತಿದ್ದಳು. ಅವರು ತಲೆ ಬಾಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮುಂದಿನವರನ್ನು ಕಳಿಸಲೇ ಎಂದು ಜವಾನ ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲೇ ಇಲ್ಲ.

ನಿಮ್ಮ ಮಗಳು