ಬಾಗಿಲ ಮೇಲೊಂದು ಗೇಣು

ಪ್ರೀತಿಯ ರೆನಾತಾ ಮೇಡಂ,

ನೀವು ಕಟ್ಟಿಕೊಟ್ಟ ಚರ್ಚು ಗಟ್ಟಿಯಾಗಿದೆ. ಹಬ್ಬಕ್ಕೆ ಬನ್ನಿ. ಕಪ್ಪು ಕನ್ನಡಕ, ಒಂದು ಜೊತೆ ಹಳೆಯ ಬಟ್ಟೆ ಮರೆಯದೆ ತನ್ನಿ.

ಚರ್ಚು ಬೇರೆಯಾಗಿ ಕಾಣದೆ ಅಟಕಾಮ ಮರುಭೂಮಿಯ ಮಣ್ಣಿನ ಬಣ್ಣದಲ್ಲೇ ಕರಗಿಹೋಗಬೇಕು ಎಂದಿದ್ದಿರಿ. ಕರಗಿಯೇ ಹೋಗಿತ್ತು. ಕಳೆದ ವರ್ಷ ಲಾಮಾ ಹಿಂಡಿನೊಂದಿಗೆ ಹಬ್ಬಕ್ಕೆ ಹೊರಟ ಇಲಾರಿಯೊ ತಾತ ಅದರ ಮುಂದೆಯೇ ಹಾದು ಪಕ್ಕದೂರು ಸೇರಿದರು. "ದೇವ್ರೂ ಮಣ್ಣಲ್ಲಿ ಮಣ್ಣಾಗಿ ಕೂತ್ರೆ ಈ ಮುದುಕ ಎಲ್ಲೀಂತ ಹುಡುಕ್ಲಿ, ಸತುರ್ನಿನಾ?" ಎಂದು ನನ್ನನ್ನೇ ಬೈದರು.

ಹಬ್ಬಕ್ಕೆ ಮೊದಲು ಚರ್ಚಿಗೆ ಸುಣ್ಣ ಬಳಿಯುವುದು ನಮ್ಮ ಅಜ್ಜಂದಿರ ಕಾಲದ ರೂಢಿ; ಕಳೆದ ವರ್ಷ ನಿಮ್ಮ ಮಾತಿಗಾಗಿ ಬಿಟ್ಟಿದ್ದೆವು. ಈ ವರ್ಷ ಹಬ್ಬದ ಯಜಮಾನಿಕೆ ನನ್ನದು. ನೆಲತಾಯಿಗೆ ಕೋಕಾ ಎಲೆ, ವೈನು ಕೊಟ್ಟು ಊರಿಗೆ ಊರೇ ಕುಂಚ ಹಿಡಿಯಿತು. ನಿಮ್ಮನ್ನು ಕೇಳಬೇಕಿತ್ತು, ಆದರೆ ಕೈ ನಿಲ್ಲಲಿಲ್ಲ. ಈಗ ಉಪ್ಪಿನ ಬಯಲಿನಾಚೆಯಿಂದಲೂ ಚರ್ಚು ಕಾಣುತ್ತದೆ. ತಾತ ಎಲ್ಲರಿಗಿಂತ ಮೊದಲೇ ಬಂದು, ಲಾಮಾಗಳ ಕಿವಿಗೆ ಬಣ್ಣದ ನೂಲು ಕಟ್ಟುತ್ತ ಹಾಡುತ್ತಿದ್ದಾರೆ.

ಮೊದಲ ಸುಣ್ಣದಲ್ಲಿ ಒಂದು ಗೇಣು ಜಾಗ ಚರ್ಚು ಕಟ್ಟಿದವರ ಪಾಲು, ಬೇರೆಯವರು ಮುಟ್ಟುವಂತಿಲ್ಲ. ಬಾಗಿಲ ಮೇಲೆ ಅಷ್ಟು ಜಾಗ ಇನ್ನೂ ನಿಮ್ಮ ಮಣ್ಣಿನ ಬಣ್ಣದಲ್ಲೇ ಇದೆ. ಬಳಿಯುವುದೋ ಹಾಗೇ ಬಿಡುವುದೋ ನಿಮ್ಮಿಷ್ಟ. ಏಣಿಯನ್ನು ಮಾತ್ರ ನಾನೇ ಹಿಡಿಯುತ್ತೇನೆ.

ನಿಮ್ಮ ದಾರಿ ಕಾಯುತ್ತಿರುವ,
ಸತುರ್ನಿನಾ ಕೋಲ್ಕೆ