ಹಗ್ಗ ಹಿಡಿಯಲು ಯಾರು ಹೇಳಿದ್ದು?

ಇರಾಕಿನ ಮರಳಿನಲ್ಲಿ ಮೈತ್ರಿಪಡೆಗಳ ಕ್ಯಾಂಪೊಂದನ್ನು ಗಂಟುಮೂಟೆ ಕಟ್ಟಿಸುತ್ತಿರುವ ದಳಪತಿಗಳಿಗೆ,

ಮಾನ್ಯರೇ,

ನಿಮ್ಮ ಊಟದ ಟೆಂಟಿಗೆ ಲಾರಿಯಲ್ಲಿ ಜಾಗ ಉಂಟು. ಆ ಟೆಂಟು ಗಾಳಿಗೆ ಹಾರಿಹೋಗದಂತೆ ಹಿಡಿದು ಕಾಲು ಮುರಿದುಕೊಂಡ ನನ್ನ ಭಾವನಿಗೆ ಜಾಗ ಇಲ್ಲ. ಇದು ಯಾವ ಸೀಮೆಯ ನ್ಯಾಯ? ಉಳಿದದ್ದನ್ನು ಆಮೇಲೆ ಹೇಳುತ್ತೇನೆ, ಮೊದಲು ಇದಕ್ಕೊಂದು ಉತ್ತರ ಯೋಚಿಸಿ ಇಟ್ಟುಕೊಳ್ಳಿ.

ಪತ್ರ ಕನ್ನಡದಲ್ಲಿ ಉಂಟು, ನಿಮಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತು. ನೀವು ಆಕಾಶದಿಂದ ಕೆಡವಿದ್ದನ್ನೂ ಆ ಊರಿನವರು ಅನುವಾದ ಮಾಡಿಸಿಕೊಂಡು ಅರ್ಥ ಮಾಡಿಕೊಂಡದ್ದಲ್ಲ. ಉಡುಪಿಯ ಈ ಪತ್ರಿಕೆಯವರು ಬೈಗುಳ ಇರುವಲ್ಲೆಲ್ಲ ಕತ್ತರಿ ಹಾಕುತ್ತೇವೆ ಎಂದು ಮೊದಲೇ ಹೇಳಿದ್ದಾರೆ. ಪತ್ರ ಎಲ್ಲಿಯಾದರೂ ತುಂಡು ತುಂಡಾಗಿ ಕಂಡರೆ ಅಲ್ಲಿ ನಿಮಗೆ ಸೇರಬೇಕಾದದ್ದು ಎಂತದೋ ಇತ್ತು ಎಂದು ತಿಳಿಯಿರಿ.

ನಾನು ಕಾಪುವಿನ ಸಿರಾಜ್. ಎಂ-80 ಗಾಡಿಯ ಹಿಂದೆ ಪೆಟ್ಟಿಗೆ ಕಟ್ಟಿ ಶಿರ್ವದ ಮನೆ ಮನೆಗೆ ಮೀನು ಮಾರುವವನು, ಮೀನು ಜಾಸ್ತಿ ಬಿದ್ದ ದಿನ ಪೆರ್ಡೂರಿನವರೆಗೂ ಹೋಗುವವನು. ಶಾಲೆ ಎಂಟನೇ ಕ್ಲಾಸಿಗೇ ಬಿಟ್ಟೆ. ಬಿಡುವ ಮೊದಲು ಸಮಾಜ ಪಾಠದಲ್ಲಿ ಮಹಾಯುದ್ಧ ಬಂದಿತ್ತು. ಮಿತ್ರರಾಷ್ಟ್ರಗಳು ಯಾವುವು, ಅವರ ಎದುರು ಇದ್ದವರು ಯಾರು, ಬಾಯಿಪಾಠ ಮಾಡಿ ಒಪ್ಪಿಸಬೇಕಿತ್ತು. ನಾನು ಒಪ್ಪಿಸಿದೆ. ಆಮೇಲೆ ಕೇಳಿದೆ, “ಸರ್, ಯುದ್ಧ ಮುಗಿದ ಮೇಲೆ ಯಾರು ಯಾರ ಜೊತೆ?” ಮಾಸ್ಟ್ರು ಹೇಳಿದರು, “ಅದು ಮುಂದಿನ ಪಾಠ ಮಾರಾಯ, ನೀನು ಕೂತುಕೋ.” ಮುಂದಿನ ಪಾಠ ಬರುವಷ್ಟರಲ್ಲಿ ನಾನು ಮೀನಿನ ಬುಟ್ಟಿ ಹೊತ್ತಾಗಿತ್ತು. ಆ ಪಾಠವನ್ನು ಈಗ ನೀವು ನಮ್ಮ ಮನೆಗೇ ಬಂದು ಮಾಡುತ್ತಿದ್ದೀರಿ. ಫೀಸು ಕಟ್ಟುತ್ತಿರುವುದು ನನ್ನ ಅಕ್ಕ ಶಿಫಾನಾ.

ಅಕ್ಕನ ಗಂಡ ಹಸೈನಾರ್ ಭಾವ ಕುವೈತಿಗೆ ಹೋದದ್ದು ಹೋಟೆಲಿನ ಅಡುಗೆ ಕೆಲಸಕ್ಕೆ. ಹೋಟೆಲು ಸರಿಯಾಗಿ ನಡೆಯಲಿಲ್ಲ. “ಗಡಿಯ ಹತ್ತಿರ ಒಂದು ಕ್ಯಾಂಪಿನಲ್ಲಿ ಅಡುಗೆ ಉಂಟು” ಎಂದು ಇನ್ನೊಂದು ಕಂಪನಿಯವರು ಪಾಸ್‌ಪೋರ್ಟ್ ಇಟ್ಟುಕೊಂಡು, ಪರದೆ ಎಳೆದ ಬಸ್ಸಿನಲ್ಲಿ ಕೂರಿಸಿದರು. ಗಡಿಯ ಹತ್ತಿರ ಎಂದದ್ದು ಸುಳ್ಳಲ್ಲ. ಗಡಿಯ ಯಾವ ಬದಿಗೆ ಎಂದು ಮಾತ್ರ ಹೇಳಲಿಲ್ಲ.

ಈ ಕಡೆ ನಮ್ಮ ಸರಕಾರ ಕಳೆದ ವರ್ಷ, ಅಂದರೆ 2004ರಲ್ಲಿ, ನಮ್ಮವರು ಇರಾಕಿಗೆ ಕೆಲಸಕ್ಕೆ ಹೋಗಬಾರದು ಎಂದು ನಿಷೇಧ ಹಾಕಿತು. ಒಳ್ಳೆಯದಕ್ಕೇ ಹಾಕಿದ್ದು, ಇಲ್ಲ ಎನ್ನುವುದಿಲ್ಲ. ಆದರೆ ಭಾವನಿಗೆ ಪೆಟ್ಟಾದ ಮೇಲೆ ಅಕ್ಕ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಒಂದು ಆಫೀಸಿಗೆ ಹೋದಳು, ನಾನೂ ಜೊತೆಗಿದ್ದೆ. ಯಾವ ಆಫೀಸು ಎಂದು ಬರೆಯುವುದಿಲ್ಲ, ಅಕ್ಕ ಪುನಃ ಅಲ್ಲಿಗೇ ಹೋಗಬೇಕು.

“ಇರಾಕಿಗೆ ನಿಷೇಧ ಉಂಟಮ್ಮ. ಅಲ್ಲಿ ನಮ್ಮವರು ಯಾರೂ ಇಲ್ಲ” ಎಂದರು ಅಲ್ಲಿಯ ಸಾಹೇಬರು.

“ನನ್ನ ಗಂಡ ಇದ್ದಾರೆ ಸರ್.”

“ಹೋಗಲಿಕ್ಕೇ ಇಲ್ಲ ಎಂದ ಮೇಲೆ ಇರುವುದು ಹೇಗೆ?”

“ಹಾಗಾದರೆ ಶುಕ್ರವಾರ ಫೋನಿನಲ್ಲಿ ಮಾತಾಡುವುದು ಯಾರು ಸರ್? ನಾನು ಇಷ್ಟು ದಿನ ಪರಪುರುಷನ ಹತ್ತಿರವಾ ಮಾತಾಡಿದ್ದು?”

ಸಾಹೇಬರು ತಲೆ ಎತ್ತಿ ಫ್ಯಾನು ನೋಡಿದರು. ಕರೆಂಟು ಹೋಗಿತ್ತು, ಅದೂ ತಿರುಗುತ್ತಿರಲಿಲ್ಲ.

ನಡೆದದ್ದೆಂತ ಎಂದು ನಮಗೆ ಪೂರ್ತಿ ಗೊತ್ತಾದದ್ದು ಶಿರ್ವದ ಮ್ಯಾಕ್ಸಿಮಣ್ಣನಿಂದ. ನಿಮ್ಮ ಕ್ಯಾಂಪಿನ ಅಡುಗೆಮನೆಯಲ್ಲಿ ಭಾವನ ಪಕ್ಕದ ಒಲೆ ಅವರದ್ದು. ಕಳೆದ ತಿಂಗಳು ಊರಿಗೆ ಬಂದರು. ನಾನು ಅವರ ಗೇಟಿನ ಹತ್ತಿರ ಹಾರ್ನ್ ಹೊಡೆದಾಗ ಲುಂಗಿ ಎತ್ತಿ ಕಟ್ಟಿಕೊಂಡು ಬಂದು, ಬಂಗುಡೆಯ ಕಿವಿರು ಬಿಡಿಸಿ ನೋಡಿದರು.

“ಇದು ನಿನ್ನೆಯದ್ದಲ್ವಾ ಸಿರಾಜಾ?”

“ನಿಮ್ಮ ಮೈತ್ರಿಕೂಟಕ್ಕಿಂತ ಗಟ್ಟಿ ಉಂಟು ಮ್ಯಾಕ್ಸಿಮಣ್ಣ. ಒತ್ತಿ ನೋಡಿ.”

ಅವರಿಗೆ ನಗು ಬಂತು. ಅಲ್ಲೇ ಕಟ್ಟೆಯ ಮೇಲೆ ಕೂತು ಹೇಳಿದರು, “ಊಟದ ಟೆಂಟಿನೊಳಗೆ ಸಾಲಾಗಿ ಬಾವುಟ ಕಟ್ಟಿದ್ದರು ಮಾರಾಯ, ಮದುವೆ ಮನೆಯ ಬಣ್ಣದ ಕಾಗದದ ಹಾಗೆ. ಯಾವ ದೇಶ ಹೊರಟಿತು ಎಂದು ಟೀವಿಯವರಿಗಿಂತ ಮೊದಲು ನಮಗೆ ಗೊತ್ತು. ‘ನಾಳೆಯಿಂದ ಕೋಳಿ ಕಮ್ಮಿ ಮಾಡಿ’ ಎಂದರೆ ಒಂದು ಬಾವುಟ ಇಳಿಯಿತು ಎಂದೇ ಲೆಕ್ಕ.”

“ಅವರೆಲ್ಲ ಯುದ್ಧ ಮಾಡಿದ್ದಾ?”

“ಕೆಲವರು ಮಾಡಿದರು. ಸತ್ತವರೂ ಇದ್ದಾರೆ, ಸುಳ್ಳು ಹೇಳಬಾರದು. ಒಂದು ದೇಶದವರು ಮಾತ್ರ, ಇಡೀ ಸೈನ್ಯ ಒಂದು ಟೆಂಪೋದಲ್ಲಿ ಹಿಡಿಯುತ್ತಿತ್ತು. ಅವರು ಐಸ್‌ಕ್ರೀಮ್ ತಿಂದದ್ದು ಬಿಟ್ಟು ಬೇರೆ ಎಂತದೂ ನಾನು ನೋಡಿಲ್ಲ. ಪಾಪದ ಜನ. ಹೊರಡುವಾಗ ಅವರಿಗೂ ಪದಕ ಕೊಟ್ಟು ಬ್ಯಾಂಡು ಬಾರಿಸಿದರು.”

ದಳಪತಿಗಳೇ, ಆ ದೇಶದ ಹೆಸರು ನನಗೆ ಬೇಡ. ಪದಕವೂ ಬೇಡ. ಆದರೆ ಆ ಬಿರುಗಾಳಿಯ ದಿನ ಅವರು ಎಲ್ಲಿದ್ದರು, ನನ್ನ ಭಾವ ಎಲ್ಲಿದ್ದ ಎಂದು ನೀವೇ ಕಣ್ಣಾರೆ ಕಂಡಿದ್ದೀರಂತೆ. ಧೂಳಿನ ಗಾಳಿ ಎದ್ದು ಊಟದ ಟೆಂಟಿನ ಒಂದು ಬದಿ ಕಿತ್ತುಹೋಯಿತು. ಸೈನಿಕರು ಓಡಿ ಬಂದು ಹಗ್ಗ ಹಿಡಿದರು. ಮೂರು ದೇಶದವರು ಮೂರು ಭಾಷೆಯಲ್ಲಿ ಕೂಗುತ್ತಿದ್ದರಂತೆ, ಒಬ್ಬರು ಎಳೆಯುವಾಗ ಇನ್ನೊಬ್ಬರು ಬಿಡುತ್ತಿದ್ದರಂತೆ. ಐಸ್‌ಕ್ರೀಮಿನವರು ಕಾಂಕ್ರೀಟು ಗೋಡೆಯ ಮರೆಯಲ್ಲಿ ನಿಂತು ನೋಡುತ್ತಿದ್ದರಂತೆ. ಅಡುಗೆಯವರಿಗೆಲ್ಲ ಒಳಗೇ ಇರಿ ಎಂದು ಮೊದಲೇ ಹೇಳಿಯಾಗಿತ್ತು. ಮ್ಯಾಕ್ಸಿಮಣ್ಣ ಒಳಗೇ ಇದ್ದರು, ಅವರು ಶಿರ್ವದವರು, ಗದ್ದೆ ಬದಿಯವರು. ಕಾಪುವಿನ ನನ್ನ ಭಾವ ಸೌಟು ಬಿಸಾಡಿ ಹೊರಗೆ ಓಡಿದ. ಹೋಗಿ ಹಗ್ಗದ ತುದಿ ಹಿಡಿದು “ಐಸಾ” ಎಂದು ಕೂಗಿದ. ಎರಡು ಮೂರು ಸಲ ಕೂಗಿದ ಮೇಲೆ ಸೈನಿಕರೂ “ಐಸಾ, ಐಸಾ” ಎಂದು ಎಳೆದರಂತೆ, ಅರ್ಥ ಯಾರಿಗೂ ಗೊತ್ತಿಲ್ಲ. ನಿಮ್ಮ ಮೈತ್ರಿಕೂಟ ಒಂದೇ ಕಡೆಗೆ ಎಳೆದದ್ದನ್ನು ತಾನು ನೋಡಿದ್ದು ಅದೊಂದೇ ಸಲ ಎಂದರು ಮ್ಯಾಕ್ಸಿಮಣ್ಣ. ಟೆಂಟು ಉಳಿಯಿತು. ಕಬ್ಬಿಣದ ಕಂಬ ಮಾತ್ರ ವಾಲಿ ಹಗ್ಗದ ತುದಿಯ ಕಡೆಗೇ ಬಿತ್ತು, ಭಾವನ ಕಾಲಿನ ಮೇಲೆ.

ಮಾರನೇ ದಿನ ನೀವು ಅವನ ಮಂಚದ ಹತ್ತಿರ ಬಂದಿರಿ. ಮ್ಯಾಕ್ಸಿಮಣ್ಣನೇ ನಡುವೆ ನಿಂತು ನಿಮ್ಮ ಮಾತನ್ನು ಭಾವನಿಗೆ ಹೇಳಿದ್ದು. ನೀವು ಕೇಳಿದ್ದು ಒಂದೇ ಪ್ರಶ್ನೆ: “ಹಗ್ಗ ಹಿಡಿಯಲು ನಿನಗೆ ಯಾರು ಹೇಳಿದ್ದು?” ಉತ್ತರವನ್ನು ಅವನ ಪರವಾಗಿ ನಾನು ಹೇಳುತ್ತೇನೆ, ಕೇಳಿ.

ನಮ್ಮ ಕಾಪುವಿನ ಕಡಲಬದಿಯಲ್ಲಿ ಕೈರಂಪಣಿ ಎಂದು ಉಂಟು. ದೋಣಿಯವರು ದೊಡ್ಡ ಬಲೆಯನ್ನು ಸಮುದ್ರದಲ್ಲಿ ಅರ್ಧ ಸುತ್ತು ಬಿಟ್ಟು, ಎರಡು ತುದಿಯ ಹಗ್ಗವನ್ನು ದಡಕ್ಕೆ ತರುತ್ತಾರೆ. ದಡದಲ್ಲಿ ಎರಡು ಸಾಲು ನಿಂತು ಎಳೆಯುವುದು. ಬಲೆ ಮೊಗವೀರರದ್ದು, ಹಗ್ಗ ಊರಿನದ್ದು. ಮೀನು ಕೊಳ್ಳಲು ಹೋದ ನಮ್ಮಂಥ ಬ್ಯಾರಿ, ಕಾಗದ ಕೊಡಲು ಬಂದ ಪೋಸ್ಟಿನವ, ಲೈಟ್‌ಹೌಸ್ ನೋಡಲು ಮಣಿಪಾಲದಿಂದ ಬಂದ ಕಾಲೇಜಿನ ಮಕ್ಕಳು, ಯಾರೇ ಇರಲಿ, ಹಗ್ಗ ಎಳೆಯುವುದು ಕಂಡರೆ ಚಪ್ಪಲಿ ಬಿಟ್ಟು ಕೈ ಹಾಕುವುದು. ಯಾರೂ ಕರೆಯುವುದಿಲ್ಲ, ಯಾರೂ ಕೇಳುವುದಿಲ್ಲ. ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು ಉಂಟು, ಒಂದು ಹಿಡಿ ಬೂತಾಯಿ ಮೀನಾದರೂ ಸರಿ. ಎಳೆಯುವಾಗ ಪೆಟ್ಟಾದವನಿಗೆ, ಅವನು ಎದ್ದು ನಿಲ್ಲುವವರೆಗೆ ಪಾಲು ಮನೆಗೇ ಹೋಗುತ್ತದೆ. ಇದನ್ನು ಎಲ್ಲಿಯೂ ಸಹಿ ಹಾಕಿ ಒಪ್ಪಂದ ಮಾಡಿದ್ದಲ್ಲ. ನಿಮ್ಮ ಒಪ್ಪಂದಕ್ಕೆ ಎಷ್ಟು ಮಂದಿ ಮಂತ್ರಿಗಳು ಕೋಟು ಹಾಕಿ ಸಹಿ ಮಾಡಿದ್ದರು?

ನನ್ನ ಭಾವ ಮಾಡಿದ ತಪ್ಪು ಇಷ್ಟೇ. ಮರಳಿನ ಮೇಲೆ ಜನ ಸಾಲಾಗಿ ನಿಂತು ಹಗ್ಗ ಎಳೆಯುವುದು ಕಂಡಿತು, ಅವನಿಗೆ ಅದು ಕಾಪು ಎಂದೇ ಅನಿಸಿತು. ಸಮುದ್ರ ಇಲ್ಲ ಎಂಬುದನ್ನು ನೋಡಲಿಲ್ಲ.

ನಿಮ್ಮ ಪ್ರಶ್ನೆಯನ್ನು ನಾನು ರಂಪಣಿಯ ತಂಡೇಲ, ಬಲೆಯ ಯಜಮಾನ, ವಾಸು ಮೆಂಡನ್ ಅವರಿಗೆ ಹೇಳಿದೆ. ಅವರು ಬೀಡಿ ಬಾಯಿಂದ ತೆಗೆದರು.

“ಹಗ್ಗ ಹಿಡಿದವನ ಹತ್ತಿರ ಯಾರು ಹೇಳಿದ್ದು ಎಂದು ಕೇಳಿದರಾ?”

“ಹೌದು ವಾಸಣ್ಣ.”

“ಹಾಗೆ ಕೇಳುವವರ ಜೊತೆ ಅಷ್ಟು ದೇಶದವರು ಹೋದದ್ದಾದರೂ ಹೇಗೆ ಮಾರಾಯ?”

ಹೇಗೆ ಎಂದು ನಾನು ಹೇಳುತ್ತೇನೆ. ಕಾರ್ಕಳದ ರೂಟಿನಲ್ಲಿ ಒಮ್ಮೆ ಇಬ್ಬರು ಬಸ್ಸಿನ ಧಣಿಗಳು ಒಂದಾಗಿ ಮೂರನೆಯವನನ್ನು ಓಡಿಸಿದರು. ಓಡಿಸುವವರೆಗೆ ಅಣ್ಣತಮ್ಮಂದಿರು, ಒಂದೇ ಟೇಬಲಿನಲ್ಲಿ ಚಾ. ಅವನು ಹೋದ ಮರುದಿನವೇ ಇವರಿಬ್ಬರಿಗೆ ಟೈಮಿಂಗಿನ ಮೇಲೆ ಹೊಡೆದಾಟ ಶುರು. ನಿಮ್ಮದೂ ಅದೇ ಕತೆ, ಬಸ್ಸು ಸ್ವಲ್ಪ ದೊಡ್ಡದು. ಆದರೆ ಆ ಗಲಾಟೆಯಲ್ಲಿ ಒಬ್ಬ ಕ್ಲೀನರ್ ಹುಡುಗನ ಕೈ ಮುರಿಯಿತು. ಅವನನ್ನು ಮಣಿಪಾಲಕ್ಕೆ ಕೊಂಡುಹೋಗುವಾಗ ಯಾವ ಧಣಿಯೂ “ಇವನು ಯಾರ ಬಸ್ಸಿನವ” ಎಂದು ಕೇಳಲಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಇಬ್ಬರೂ ಪುನಃ ಜಗಳ ಮಾಡಿದರು, ಅದು ಬೇರೆ. ಮೊದಲು ಹುಡುಗನನ್ನು ಒಳಗೆ ಸೇರಿಸಿದರು.

ನಿಮ್ಮಲ್ಲಿ ಎಂತ ಆಯಿತು? ಕಂಪನಿಯವರು ಹೇಳಿದರು, ಪೆಟ್ಟಾದದ್ದು ಅಡುಗೆಮನೆಯ ಹೊರಗೆ, ಆದ್ದರಿಂದ ಅವನು ಆ ಹೊತ್ತಿಗೆ ನಮ್ಮವನಲ್ಲ. ಆಮೇಲೆ ಅಡುಗೆಮನೆ ಮುಚ್ಚಿ, ಕೈಕಾಲು ನೆಟ್ಟಗಿದ್ದವರನ್ನು ಮಾತ್ರ ಕರೆದುಕೊಂಡು ಹೋದರು. ನೀವು ಹೇಳಿದಿರಿ, ಲಾರಿ ಇರುವುದು ಮೈತ್ರಿರಾಷ್ಟ್ರಗಳ ಸಿಬ್ಬಂದಿಗೆ ಮತ್ತು ಸಾಮಗ್ರಿಗೆ ಮಾತ್ರ. ನಮ್ಮ ಸಾಹೇಬರು ಹೇಳಿದರು, ಅವನು ಅಲ್ಲಿ ಇಲ್ಲವೇ ಇಲ್ಲ. ಕ್ಯಾಂಪಿನ ಹೊರಗೆ ಕಾಲಿಟ್ಟರೆ ಆ ಊರಿನ ಬಂದೂಕಿನವರು ಹೇಳುತ್ತಾರೆ, ಇವನು ಮೈತ್ರಿಪಡೆಯವನೇ. ನೋಡಿ, ನನ್ನ ಭಾವನನ್ನು ನಿಮ್ಮ ಮಿತ್ರ ಎಂದು ಪೂರ್ತಿ ಒಪ್ಪಿಕೊಂಡವರು ನಿಮ್ಮ ಶತ್ರುಗಳು ಮಾತ್ರ.

ನಿಮ್ಮ ಡಾಕ್ಟರು ಒಳ್ಳೆಯವರು. ಪ್ಲಾಸ್ಟರ್ ಹಾಕುವಾಗ ಯಾವ ದೇಶ ಎಂದು ಕೇಳಲಿಲ್ಲ, ಈಗಲೂ ಅವನು ಮಲಗಿರುವ ಕಂಟೇನರಿಗೆ ಊಟ ಕಳಿಸುವುದು, ಶುಕ್ರವಾರ ತಮ್ಮ ಫೋನು ಕೊಡುವುದು ಅವರೇ. ಕಳೆದ ಶುಕ್ರವಾರ ಭಾವ ಅಕ್ಕನಿಗೆ ಹೇಳಿದ, “ಟೆಂಟು ಮಡಚಿದರು. ಅದಕ್ಕೆ ನಂಬರು ಬರೆದು, ಧೂಳು ತಾಗದ ಹಾಗೆ ಪ್ಲಾಸ್ಟಿಕ್ ಸುತ್ತಿದ್ದಾರೆ. ತಿಂಗಳ ಕೊನೆಗೆ ಕಡೆಯ ಲಾರಿಯಲ್ಲಿ ಕುವೈತಿಗೆ ಹೋಗುತ್ತದೆ.” ಅಕ್ಕ ಕೇಳಿದಳು, “ನೀವು?” ಭಾವ ಹೇಳಿದ, “ಡಾಕ್ಟರೂ ಅದೇ ಲಾರಿಗೆ ಹೋಗುತ್ತಾರೆ.” ಅಕ್ಕ ಕೇಳಿದ್ದು ಡಾಕ್ಟರನ್ನಲ್ಲ. ಅವಳು ಫೋನು ಇಟ್ಟು ಒಳಗೆ ಹೋಗಿ ಒಲೆಯ ಎದುರು ಕೂತಳು. ಒಲೆ ಹೊತ್ತಿಸಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ನನ್ನ ಭಾವನನ್ನು ಸಿಬ್ಬಂದಿ ಎಂದು ಒಪ್ಪಲು ನಿಮಗೆ ಕಷ್ಟವಾದರೆ ಸಾಮಗ್ರಿ ಎಂದು ಒಪ್ಪಿಕೊಳ್ಳಿ. ಟೆಂಟಿನ ಕಂಬ, ಟೆಂಟಿನ ಗೂಟ, ಟೆಂಟಿನ ಹಗ್ಗ ಎಂದು ಬರೆಯುವಲ್ಲಿ ಕೆಳಗೆ, ಹಗ್ಗ ಹಿಡಿದವನು ಎಂದೂ ಬರೆಯಿರಿ. ಪ್ಲಾಸ್ಟಿಕ್ ಸುತ್ತುವುದು ಬೇಡ, ಉಸಿರು ಕಟ್ಟುತ್ತದೆ. ಅದೇ ಟೆಂಟಿನ ಮೇಲೆ ಕೂರಿಸಿ ಕಳಿಸಿ, ಅವನಿಗೆ ಅದರ ಪರಿಚಯ ಉಂಟು. ಕುವೈತ್ ಮುಟ್ಟಿದರೆ ಸಾಕು. ಅಲ್ಲಿ ನಮ್ಮ ರಾಯಭಾರ ಕಚೇರಿ ಉಂಟು, ಅದರ ಬಾಗಿಲು ಮುಟ್ಟಿದ ಕೂಡಲೇ ಅವನು ಪುನಃ ಭಾರತದವನಾಗುತ್ತಾನೆ, ಮುಂದಿನದ್ದನ್ನು ನಾವು ನೋಡಿಕೊಳ್ಳುತ್ತೇವೆ. ಈ ಪತ್ರ ಅಚ್ಚಾದ ದಿನವೇ ಮ್ಯಾಕ್ಸಿಮಣ್ಣ ಇದನ್ನು ಇಂಗ್ಲಿಷಿಗೆ ತಿರುಗಿಸಿ ಉಡುಪಿಯ ಸೈಬರ್ ಕೆಫೆಯಿಂದ ಡಾಕ್ಟರಿಗೆ ಕಳಿಸುತ್ತಾರೆ. ಡಾಕ್ಟರು ನಿಮ್ಮ ಮೇಜಿನ ಮೇಲೆ ಇಡುತ್ತಾರೆ. ತಲುಪಲಿಲ್ಲ ಎಂದು ಹೇಳಲಿಕ್ಕಿಲ್ಲ.

ಇನ್ನೊಂದು ವಿಷಯ. ಬಲೆ ಎಳೆದ ದಿನವೆಲ್ಲ ವಾಸಣ್ಣ ಹಸೈನಾರನ ಪಾಲು ಎಂದು ಮೀನು ಬದಿಗಿಟ್ಟು ಅಕ್ಕನ ಮನೆಗೆ ಕಳಿಸುತ್ತಾರೆ. ನಾನು ಹೇಳಿದೆ, “ವಾಸಣ್ಣ, ಭಾವ ಎಳೆದದ್ದು ನಿಮ್ಮ ಹಗ್ಗ ಅಲ್ಲವಲ್ಲ.” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಗ್ಗದಲ್ಲಿ ನಮ್ಮದು ಅವರದು ಎಂತದಾ?” ಎಂದು ಬೈದರು. ಕಾಪುವಿನವರು ನಿಮ್ಮ ಟೆಂಟಿನ ಪಾಲನ್ನು ಕೊಡುತ್ತಿದ್ದಾರೆ ದಳಪತಿಗಳೇ. ನಿಮ್ಮ ಮೈತ್ರಿಕೂಟದಲ್ಲಿ ಈಗ ಎಷ್ಟು ದೇಶ ಉಳಿದಿದೆಯೋ ನನಗೆ ಗೊತ್ತಿಲ್ಲ. ನಮ್ಮ ಊರನ್ನೂ ಸೇರಿಸಿ ಎಣಿಸಿ. ಕಡೆಯ ಲಾರಿ ಹೊರಡುವ ಮೊದಲು ಎಣಿಸಿ.

ಇಂತಿ,
ಯಾರೂ ಹೇಳದೆಯೇ ಈ ಪತ್ರಕ್ಕೂ ಕೈ ಹಾಕಿದ,
ಎಂಟನೇ ಕ್ಲಾಸಿನ ಸಿರಾಜ್,
ಮೀನಿನ ಗಾಡಿ, ಕಾಪು
ನವೆಂಬರ್ 2005